ಎರಡೂ ಸೆಟ್ಟಿನಲ್ಲಿ ಕೇಳಿದ್ದು

ತಮ್ಮ ತೀರಿಕೊಂಡ ಸುದ್ದಿ ಬಂದದ್ದು ಒಂದು ಬುಧವಾರ, ಬೆಳಗಿನ ಹತ್ತು ಗಂಟೆಗೆ. ನಾನು ಮುಂದಿನ ಕೋಣೆಯಲ್ಲಿ ಯಾರದೋ ರೇಡಿಯೊದ ಸ್ಪೀಕರು ಬಿಚ್ಚಿಕೊಂಡು ಕುಳಿತಿದ್ದೆ. ಫೋನು ಎತ್ತಿದಾಗ ಹಡಗಿನ ಕಂಪನಿಯವರು ಮೊದಲು ನಾನು ಯಾರೆಂದು ಕೇಳಿದರು, ಆಮೇಲೆ ಕುಳಿತುಕೊಳ್ಳಿ ಎಂದರು. ಕುಳಿತುಕೊಳ್ಳಿ ಎಂದಾಗಲೇ ತಿಳಿಯಿತು. ಹಡಗು ಮುಳುಗಿದ ಹನ್ನೆರಡನೆಯ ದಿನ, ಆ ದಾರಿಯಲ್ಲಿ ಹೋಗುತ್ತಿದ್ದ ಇನ್ನೊಂದು ಹಡಗಿನವರಿಗೆ ಅದರ ಜೀವರಕ್ಷಕ ದೋಣಿ ಸಿಕ್ಕಿತ್ತು. ದೋಣಿಯಲ್ಲಿ ಮೂರು ದೇಹಗಳಿದ್ದವು. ಒಂದರ ಅಂಗಿಯೊಳಗೆ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಒಂದು ಪುಸ್ತಕವಿತ್ತು. ಅದು ರೇಡಿಯೊ ಆಪರೇಟರನದು, ಅಂದರೆ ನನ್ನ ತಮ್ಮನದು.

"ದೋಣಿ ಎಲ್ಲಿ ಸಿಕ್ತು?" ಎಂದು ಕೇಳಿದೆ.

"ಉತ್ತರದಲ್ಲಿ ಸರ್. ಹುಡುಕ್ತಾ ಇದ್ದ ಜಾಗಕ್ಕಿಂತ ತುಂಬಾ ಮೇಲೆ."

ಫೋನು ಕೆಳಗಿಟ್ಟೆ. ತಮ್ಮನ ಹೆಂಡತಿ ಮಹಡಿಯ ಮೆಟ್ಟಿಲ ಮೇಲೆ ಬಂದು ನಿಂತಿದ್ದಳು. ಕೈಯಲ್ಲಿ ಒಗೆದು ಹಿಂಡಿದ ಬಟ್ಟೆ ಇತ್ತು.

"ಸಿಕ್ಕಿದ್ರಾ ಭಾವ?"

"ಸಿಕ್ಕಿದನಮ್ಮ" ಎಂದೆ. ಮುಂದಿನದನ್ನು ನನ್ನ ಮುಖ ಹೇಳಿತು. ಅವಳು ಅಲ್ಲೇ ಮೆಟ್ಟಿಲ ಮೇಲೆ ಕುಳಿತಳು. ಬಟ್ಟೆಯ ನೀರು ಒಂದೊಂದೇ ಮೆಟ್ಟಿಲು ಇಳಿದು ಬಂತು. ಆಮೇಲೆ ನನ್ನನ್ನು ಸಮಾಧಾನ ಮಾಡುವವಳ ಹಾಗೆ ಅವಳೇ ಹೇಳಿದಳು: "ಕೊನೆಗೆ ಅವರ ದನಿನಾದ್ರೂ ನೀವು ಕೇಳಿದ್ರಲ್ಲ ಭಾವ. ಅಷ್ಟು ದೂರದಿಂದ. ಅದೊಂದು ಪುಣ್ಯ."

ಉತ್ತರ ದಿಕ್ಕು ಎಂಬ ಒಂದು ಮಾತು ಎದೆಯಲ್ಲಿ ಕುಳಿತುಬಿಟ್ಟಿತ್ತು. ಹುಡುಕುವವರನ್ನು ದಕ್ಷಿಣಕ್ಕೆ ಕಳಿಸಿದವನು ನಾನು.

ಇದನ್ನು ಮೊದಲಿಂದ ಹೇಳಬೇಕು.

ನಾನು ನಲವತ್ತು ವರ್ಷ ರೇಡಿಯೊ ರಿಪೇರಿ ಮಾಡಿದವನು. ತಮ್ಮ ನನ್ನ ಅಂಗಡಿಯಲ್ಲೇ ಕೆಲಸ ಕಲಿತು, ಆಮೇಲೆ ಪರೀಕ್ಷೆ ಕಟ್ಟಿ ಹಡಗು ಸೇರಿದ. ಚಿಕ್ಕಂದಿನಲ್ಲಿ ನಿಲಯ ಹುಡುಕುತ್ತ ರೇಡಿಯೊದ ಜೊತೆ ತಾನೂ ಗುಯ್ ಎನ್ನುತ್ತಿದ್ದದ್ದರಿಂದ ಅವನಿಗೆ ಮನೆಯಲ್ಲಿ ಗುಯ್ಯ ಎಂದೇ ಹೆಸರಾಯಿತು. ಐವತ್ತೆಂಟು ತುಂಬಿ ತಲೆ ಬೆಳ್ಳಗಾದರೂ ನಾನು ಹಾಗೇ ಕರೆಯುತ್ತಿದ್ದೆ. ವರ್ಷಕ್ಕೊಮ್ಮೆ ಎರಡು ತಿಂಗಳ ರಜೆಯಲ್ಲಿ ಅವನು ಮನೆಗೆ ಬಂದಾಗ ನಮ್ಮಿಬ್ಬರಿಗೂ ಒಂದೇ ಕೆಲಸ. ಮಹಡಿಯ ಹಿಂದಿನ ಕೋಣೆಯಲ್ಲಿ ಕುಳಿತು, ಭೂಮಿಯ ಇನ್ನೊಂದು ಮಗ್ಗುಲಿನ ಯಾವುದೋ ಸಣ್ಣ ನಿಲಯ ನೊಣದಷ್ಟು ದನಿಯಲ್ಲಿ ಮಾತಾಡುವುದನ್ನು ಹಿಡಿಯುವುದು. ಇಂಥ ಕ್ಷೀಣವಾದ ಅಲೆಗಳು ದೂರದಿಂದ ಬರುವುದು ಬೆಳಕು ಕತ್ತಲೆ ಕೂಡುವ ಹೊತ್ತಿನಲ್ಲಿ. ಆದ್ದರಿಂದ ಮುಂಜಾನೆ ಒಂದು ಗಂಟೆ, ಮುಸ್ಸಂಜೆ ಒಂದು ಗಂಟೆ ಆ ಕೋಣೆಯ ಬಾಗಿಲು ಹಾಕಿರುತ್ತಿತ್ತು.

"ಅಣ್ಣ ತಮ್ಮ ಇಬ್ರಿಗೂ ಎದುರಿಗೆ ನಿಂತು ಊಟಕ್ಕೆ ಕರೆದ್ರೆ ಕೇಳ್ಸಲ್ಲ. ಮೂರು ಸಾವಿರ ಮೈಲಿ ಆಚೆ ಯಾವನೋ ಕೆಮ್ಮಿದ್ರೆ ಕೇಳುತ್ತೆ" ಎಂದು ಅವನ ಹೆಂಡತಿ ಬಾಗಿಲಾಚೆಯಿಂದ ಹೇಳುವಳು.

"ಅವನು ನಿನ್ನ ಹಾಗೆ ದಿನಾ ಕೆಮ್ಮಲ್ಲ ಕಣೇ, ಅದಕ್ಕೇ ಬೆಲೆ" ಎನ್ನುವನು ತಮ್ಮ.

ಕೋಣೆಯಲ್ಲಿ ಎರಡು ಸೆಟ್ಟುಗಳಿದ್ದವು. ನನ್ನದು ಹಳೆಯ ವಾಲ್ವು ಸೆಟ್ಟು. ಒಂದು ಕಾಲದಲ್ಲಿ ಸೈನ್ಯಕ್ಕೆಂದು ಮಾಡಿದ್ದು. ಇಬ್ಬರು ಹಿಡಿಯದೆ ಮೇಲೇಳದು. ಬಿಸಿಯಾಗಲು ಅರ್ಧ ಗಂಟೆ ಬೇಕು. ತಮ್ಮ ಅದನ್ನು ಮುದುಕ ಎನ್ನುತ್ತಿದ್ದ. ಅವನದು ಹೊಸ ಕಾಲದ್ದು, ಒಳಗೆಲ್ಲ ಲೆಕ್ಕದ ಮೇಲೆ ನಡೆಯುವಂಥದ್ದು. ಬಂದ ಅಲೆಯನ್ನು ಅಂಕಿಗಳಾಗಿ ಒಡೆದು, ಗದ್ದಲವನ್ನು ಸೋಸಿ, ಮತ್ತೆ ಮಾತಾಗಿ ಕಟ್ಟಿಕೊಡುತ್ತಿತ್ತು. ಏನು ಕೇಳಿದರೂ ಉತ್ತರ ಕೊಡುವುದರಿಂದ ಅದಕ್ಕೆ ಪಂಡಿತ ಎಂದು ನಾನು ಹೆಸರಿಟ್ಟೆ.

ಯಾವ ಸೆಟ್ಟು ಹೆಚ್ಚು ದೂರ ಎಳೆಯುತ್ತದೆ ಎಂದು ಅಂಗಡಿಗೆ ಬಂದವರೆಲ್ಲ ಕೇಳುತ್ತಾರೆ. ಆ ಪ್ರಶ್ನೆಯೇ ಸರಿಯಲ್ಲ. ಬೆಲೆಬಾಳುವ ಸೆಟ್ಟುಗಳೆಲ್ಲ ಎಳೆಯುತ್ತವೆ. ಪಕ್ಕದಲ್ಲೇ ಒಬ್ಬ ದಾಂಡಿಗ ಕಿರುಚುತ್ತಿರುವಾಗ ಮೂಲೆಯಲ್ಲಿ ಪಿಸುಗುಟ್ಟುವವನನ್ನು ಯಾವುದು ಬೇರೆ ಮಾಡಿ ತೋರಿಸುತ್ತದೆ ಎಂಬುದೇ ನಿಜವಾದ ಪರೀಕ್ಷೆ. ಈ ಕೆಲಸದಲ್ಲಿ ಪಂಡಿತ ಚಾಕುವಿನಷ್ಟು ಹರಿತ. ಕೂದಲೆಳೆಯಷ್ಟು ಜಾಗ ಬಿಟ್ಟು ಉಳಿದದ್ದನ್ನೆಲ್ಲ ಕತ್ತರಿಸಿ ಎಸೆಯುತ್ತಿತ್ತು. ಮುದುಕನಿಗೆ ಅಷ್ಟು ಹರಿತವಿರಲಿಲ್ಲ. ಆದರೆ ಮುದುಕ ಗದ್ದಲವನ್ನು ಗದ್ದಲವಾಗಿಯೇ ಕೊಡುತ್ತಿತ್ತು. ಅದರೊಳಗೆ ಮಾತಿದ್ದರೆ ಕಿವಿಯೇ ಹುಡುಕಿಕೊಳ್ಳಬೇಕು, ಇಲ್ಲದಿದ್ದರೆ ಇಲ್ಲ.

"ನಿನ್ನ ಪಂಡಿತನಿಗೆ ಗೊತ್ತಿಲ್ಲ ಅನ್ನೋ ಅಭ್ಯಾಸವೇ ಇಲ್ಲ ಗುಯ್ಯ. ಬರೀ ಮಳೆ ಸದ್ದು ಕೊಟ್ಟರೂ ಅದರಲ್ಲಿ ಒಬ್ಬನನ್ನ ಮಾತಾಡಿಸ್ತಾನೆ" ಎಂದು ನಾನು ರೇಗಿಸುತ್ತಿದ್ದೆ.

"ನಿನ್ನ ಮುದುಕನಿಗೆ ಕಿವಿಯೇ ಇಲ್ಲ. ಪಾಪ, ಅವನು ಹೇಳಿದ್ದಕ್ಕೆಲ್ಲ ನೀನೇ ಅರ್ಥ ಹಚ್ಚಬೇಕು."

"ಅರ್ಥ ಹಚ್ಚೋದು ನನ್ನ ಕೆಲಸ. ಸೆಟ್ಟಿಂದಲ್ಲ."

ಹೋಲಿಸಲು ಅವನೇ ಕ್ರಮ ಮಾಡಿದ್ದ. ನೀರಿನ ತೊಟ್ಟಿಯ ಕಂಬದಿಂದ ಹಿತ್ತಿಲಿನ ಮರದವರೆಗೆ ಎಳೆದ ತಂತಿ ಒಂದೇ. ಅದನ್ನು ಎರಡೂ ಸೆಟ್ಟಿಗೆ ಹಂಚಲು ಒಂದು ಪೆಟ್ಟಿಗೆ. ಪ್ರತಿ ಸೆಟ್ಟಿಗೂ ಅದರದೇ ಪುಸ್ತಕ. ಇಬ್ಬರೂ ಬೆನ್ನಿಗೆ ಬೆನ್ನು ಹಾಕಿ ಕುಳಿತು, ಮಾತಾಡದೆ, ಕೇಳಿದ್ದನ್ನು ಬರೆಯಬೇಕು. ಬರೆದು ಮುಗಿಯುವ ತನಕ ನಿಲಯಗಳ ಪಟ್ಟಿ ತೆಗೆಯುವಂತಿಲ್ಲ. ಪಟ್ಟಿ ನೋಡಿ ಕುಳಿತವನಿಗೆ ಪಟ್ಟಿಯಲ್ಲಿದ್ದದ್ದೇ ಕೇಳುತ್ತದೆ ಎಂಬುದು ಈ ಹವ್ಯಾಸದವರೆಲ್ಲ ಕೈ ಸುಟ್ಟುಕೊಂಡು ಕಲಿತ ಪಾಠ. ಒಂದೇ ಸೆಟ್ಟಿನಲ್ಲಿ ಕೇಳಿದ್ದಕ್ಕೆ ಪುಸ್ತಕದಲ್ಲಿ ಪ್ರಶ್ನೆಯ ಗುರುತು. ಎರಡರಲ್ಲೂ ಕೇಳಿದರೆ ಮಾತ್ರ ಅದು ನಿಜವೆಂದು ಲೆಕ್ಕ. ಹದಿನಾಲ್ಕು ವರ್ಷ ಹೀಗೆ ಕುಳಿತೆವು. ಯಾವ ಸೆಟ್ಟು ಮೇಲು ಎಂಬುದು ಮಾತ್ರ ತೀರ್ಮಾನವಾಗಲಿಲ್ಲ.

ಅವನ ಹಡಗು ಬಿರುಗಾಳಿಗೆ ಸಿಕ್ಕಿ ದನಿ ಕಳೆದುಕೊಂಡಿತು. ಹಳೆಯ ಸರಕು ಹಡಗು. ಮುಳುಗಿದರೆ ತಾನಾಗಿ ಕೂಗಬೇಕಾದ ಯಂತ್ರವೂ ಕೂಗಲಿಲ್ಲ. ಕಡಲ ರಕ್ಷಣೆಯ ಕಚೇರಿಯವರು ಎರಡು ವಿಮಾನ, ಮೂರು ಹಡಗು ಬಿಟ್ಟು, ಕೊನೆಯ ಸಲ ಮಾತು ಬಂದ ಜಾಗದ ಸುತ್ತ ಹುಡುಕತೊಡಗಿದರು. ಎರಡನೆಯ ದಿನ ತಮ್ಮನ ಹೆಂಡತಿ ನನ್ನ ಮುಂದೆ ಬಂದು ನಿಂತಳು.

"ಭಾವ, ಅವರು ಸುಮ್ಮನಿರೋ ಆಸಾಮಿ ಅಲ್ಲ. ದೋಣೀಲಿದ್ರೂ ಏನಾದ್ರೂ ತಿರುಗಿಸ್ತಾ ಇರ್ತಾರೆ. ನೀವು ಕೇಳಿ ನೋಡಿ."

ಕೇಳದಿರುವುದು ಹೇಗೆ? ಎರಡೂ ಸೆಟ್ಟು ಹಚ್ಚಿದೆ. ಆಪತ್ತಿನ ಕರೆಗೆಂದು ಇಟ್ಟಿರುವ ಜಾಗದಲ್ಲಿ ಮುಳ್ಳು ನಿಲ್ಲಿಸಿ, ದೇವರ ಹೆಸರು ಹೇಳಿ, ಬೆಳಿಗ್ಗೆ ಸಂಜೆ ಕುಳಿತೆ. ಬೆನ್ನ ಹಿಂದೆ ಯಾರೂ ಇರಲಿಲ್ಲ. ಎರಡು ಪುಸ್ತಕಕ್ಕೂ ನಾನೊಬ್ಬನೇ. ಆ ದಿನ, ಮರುದಿನ ಏನೂ ಇಲ್ಲ. ನಾಲ್ಕನೆಯ ದಿನ ಮಧ್ಯಾಹ್ನ ನಾನು ಒಂದು ಕೆಲಸ ಮಾಡಿದೆ, ಮಾಡಬಾರದಿತ್ತು. ನಕಾಶೆ ಹರಡಿಕೊಂಡು, ಪತ್ರಿಕೆಯಲ್ಲಿ ಬಂದ ಗಾಳಿಯ ವಿವರ ನೋಡಿ, ದೋಣಿ ಎತ್ತ ತೇಲಿರಬಹುದೆಂದು ಗೆರೆ ಎಳೆದೆ. ದಕ್ಷಿಣಕ್ಕೆ, ಹದಿನಾಲ್ಕನೆಯ ಅಕ್ಷಾಂಶದ ಗೆರೆಯ ಹತ್ತಿರ ಎಂದು ಬಂತು. ಪಟ್ಟಿ ನೋಡಿದ ಮೇಲೆ ಕೇಳಲು ಕುಳಿತ ಹಾಗಾಯಿತು.

ಸಂಜೆ ಪಂಡಿತನ ಸೋಸುವ ಗುಂಡಿಯನ್ನು ಕೊನೆಯವರೆಗೂ ತಿರುಗಿಸಿದೆ. ಭೋರೆನ್ನುವ ಸದ್ದು ಇಳಿದು, ನೀರಿನೊಳಗಿಂದ ಯಾರೋ ಮಾತಾಡಿದ ಹಾಗೆ ಒಂದು ದನಿ ಎದ್ದಿತು. ಮೂರು ಮಾತು. ಅದರಲ್ಲಿ ಒಂದು ಹದಿನಾಲ್ಕು. ಒಂದು ದಕ್ಷಿಣ. ದನಿಯ ಏರಿಳಿತ ಗುಯ್ಯನದೇ. ಮುದುಕನ ಹೆಡ್‌ಫೋನು ಕಿವಿಗೆ ಹಾಕಿಕೊಂಡೆ. ಅದೇ ತಂತಿ, ಅದೇ ಜಾಗ. ಗದ್ದಲ ಬಿಟ್ಟು ಬೇರೇನೂ ಇಲ್ಲ. ಮತ್ತೆ ಪಂಡಿತ, ಮತ್ತೆ ಮುದುಕ, ಹೀಗೆ ಕತ್ತಲಾಗುವ ತನಕ. ಪಂಡಿತ ಇನ್ನೊಮ್ಮೆ ದಕ್ಷಿಣವೆಂದಿತು. ಮುದುಕ ಒಮ್ಮೆಯೂ ಏನನ್ನೂ ಹೇಳಲಿಲ್ಲ.

ಕಚೇರಿಗೆ ಫೋನು ಮಾಡಿದೆ. ಅಲ್ಲಿದ್ದ ಅಧಿಕಾರಿಗೂ ಈ ಹವ್ಯಾಸವಿತ್ತೆಂದು ಆಮೇಲೆ ತಿಳಿಯಿತು. ಎಲ್ಲವನ್ನೂ ಬರೆದುಕೊಂಡು ಕೊನೆಗೆ ಒಂದೇ ಪ್ರಶ್ನೆ ಕೇಳಿದರು.

"ಯಜಮಾನ್ರೇ, ಗದ್ದಲ ಸೋಸೋ ಸೆಟ್ಟು ಒಂದೊಂದ್ಸಲ ಇಲ್ಲದ ದನಿ ಹುಟ್ಟಿಸುತ್ತೆ, ನಿಮಗೆ ಗೊತ್ತಿರೋದೇ. ಎರಡು ಸೆಟ್ಟು ಇದೆ ಅಂದ್ರಿ. ಎರಡರಲ್ಲೂ ಬಂತಾ?"

ಬಾಗಿಲಲ್ಲಿ ತಮ್ಮನ ಹೆಂಡತಿ ಉಸಿರು ಹಿಡಿದು ನಿಂತಿದ್ದಳು.

"ಬಂತು. ಎರಡರಲ್ಲೂ" ಎಂದೆ.

ಸುಳ್ಳು ಹೇಳುತ್ತಿದ್ದೇನೆಂದು ಆಗ ಅನ್ನಿಸಲಿಲ್ಲ. ನಿಜವೊಂದು ಕುಂಟುತ್ತಿದೆ, ಅದಕ್ಕೊಂದು ಊರುಗೋಲು ಕೊಡುತ್ತಿದ್ದೇನೆ ಅನ್ನಿಸಿತು. ಒಂದೇ ಸೆಟ್ಟು ಎಂದರೆ ಅವರು ಪ್ರಶ್ನೆಯ ಗುರುತು ಹಾಕಿ ಪಕ್ಕಕ್ಕಿಡುತ್ತಾರೆಂಬ ಹೆದರಿಕೆ. ಫೋನು ಇಟ್ಟು ಬಂದು, ಮುದುಕನ ಪುಸ್ತಕ ತೆಗೆದು, ಖಾಲಿ ಬಿಟ್ಟಿದ್ದ ಸಾಲಿನಲ್ಲಿ ಅದೇ ಮೂರು ಮಾತು ಬರೆದೆ. ಹದಿನಾಲ್ಕು ವರ್ಷದಲ್ಲಿ ಕೇಳದ್ದನ್ನು ಬರೆದದ್ದು ಅದೊಂದೇ ಸಲ.

ಮರುದಿನ ಬೆಳಿಗ್ಗೆ ಎರಡೂ ವಿಮಾನ ದಕ್ಷಿಣಕ್ಕೆ ಹೋದವು. ಅಲ್ಲಿ ಏಳು ದಿನ ಕಡಲನ್ನೆಲ್ಲ ಜಾಲಾಡಿದರೂ ಒಂದು ಹಲಗೆ ಸಿಗಲಿಲ್ಲ. ಹನ್ನೆರಡನೆಯ ದಿನ ಉತ್ತರದಲ್ಲಿ ದೋಣಿ ಸಿಕ್ಕ ಸುದ್ದಿ ಬಂತು.

ದೇಹ ಬಂತು, ಮಣ್ಣು ಮಾಡಿದೆವು. ಅದಾದ ವಾರಕ್ಕೆ ಕಂಪನಿಯವರು ಅವನ ಸಾಮಾನು ಕಳಿಸಿದರು. ಕನ್ನಡಕ, ಕೈಗಡಿಯಾರ, ಆ ಪುಸ್ತಕ. ಬಂದವರೆಲ್ಲ ಹೋಗಿ ಮನೆ ಬರಿದಾಗಿತ್ತು. ಮಧ್ಯಾಹ್ನದ ಹೊತ್ತು. ತಮ್ಮನ ಹೆಂಡತಿ ಪುಸ್ತಕ ತಂದು ನನ್ನ ಕೆಲಸದ ಮೇಜಿನ ಮೇಲಿಟ್ಟಳು.

"ಅವರ ಅಕ್ಷರ ಮೊದಲೇ ಕಾಗೆ ಕಾಲು. ಮೇಲೆ ಆ ಟೆಲಿಗ್ರಾಮಿನ ಮೋಟು ಮಾತು. ನನಗೆ ತಿಳಿಯಲ್ಲ. ಓದಿ ಹೇಳಿ ಭಾವ. ನಿಮಗೆ ಏನು ಕೂಗಿ ಹೇಳಿದ್ರು ಅಂತ ಇದರಲ್ಲೂ ಬರ್ದಿರ್ತಾರೆ."

ಅವಳು ಎದುರಿನ ಸ್ಟೂಲಿನ ಮೇಲೆ, ಮಗ್ಗಿ ಒಪ್ಪಿಸುವ ಮಗುವಿನ ಹಾಗೆ ಕೈಕಟ್ಟಿ ಕುಳಿತಳು. ನಾನು ಕನ್ನಡಕ ಒರೆಸಿಕೊಂಡೆ. ಪೆನ್ಸಿಲಿನ ಬರಹ, ನೀರು ತಾಗಿದ ಕಡೆ ಬೂದಿ ಬಣ್ಣವಾಗಿತ್ತು. ಮೊದಲನೆಯ ದಿನದ ಸಾಲುಗಳನ್ನು ಬಾಯಿ ಬಿಡದೆ ಓದಿದೆ.

"ಹಡಗು ನಾಲ್ಕಕ್ಕೆ ಹೋಯಿತು. ದೋಣಿಯಲ್ಲಿ ಆರು ಜನ. ದೋಣಿ ರೇಡಿಯೊ ನೀರು ಕುಡಿದಿದೆ. ಬಿಚ್ಚಿ ಒರೆಸಿದೆ. ಬ್ಯಾಟರಿ ಒಡೆದಿದೆ. ಸತ್ತಿದೆ."

ಸತ್ತಿದೆ ಎಂಬುದರ ಕೆಳಗೆ ಅವನು ಎರಡು ಗೆರೆ ಎಳೆದಿದ್ದ. ನಾವು ಗ್ಯಾರಂಟಿ ಮುಗಿದ ಸೆಟ್ಟಿನ ಚೀಟಿಗೆ ಹಾಗೆ ಎಳೆಯುತ್ತಿದ್ದೆವು.

"ಏನಂತೆ?" ಎಂದಳು.

ಹಾರಿಸಿಬಿಡಬಹುದಿತ್ತು. ಅವಳಿಗೆ ಆ ಅಕ್ಷರ ಬಾರದು. ಮೊದಲನೆಯ ದಿನದ ಮೂರು ಸಾಲು ನುಂಗಿ ಮುಂದಿನದನ್ನು ಓದಿದ್ದರೆ, ಗಂಡನ ಕೊನೆಯ ದನಿ ಈ ಮನೆಗೆ ಬಂದಿತ್ತೆಂದು ನಂಬಿಕೊಂಡೇ ಅವಳು ಬದುಕುತ್ತಿದ್ದಳು. ಒಬ್ಬ ಹೆಂಗಸಿನ ಕೈಯಲ್ಲಿರುವ ಒಂದೇ ಒಂದು ದೀಪ ಆರಿಸುವುದು ಧರ್ಮವೇ ಎಂದು ಮನಸ್ಸು ಕೇಳಿತು. ಅದು ಅವಳ ಪರವಾಗಿ ಕೇಳಿದ ಪ್ರಶ್ನೆಯಲ್ಲ, ನನ್ನ ಪರವಾಗಿ ಕೇಳಿದ್ದು ಎಂದು ತಿಳಿಯಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ಒಮ್ಮೆ ಖಾಲಿ ಸಾಲನ್ನು ತುಂಬಿಸಿದ್ದೆ. ಈಗ ತುಂಬಿದ ಸಾಲನ್ನು ಖಾಲಿ ಮಾಡಲು ಹೊರಟಿದ್ದೆ.

ಓದಿದೆ, ಇದ್ದದ್ದು ಇದ್ದ ಹಾಗೆ.

ಅವಳು ಮುಂದೆ ಬಾಗಿ ಪುಟ ನೋಡಿದಳು. ಆಮೇಲೆ, "ರೇಡಿಯೊ ಮೊದಲ್ನೇ ದಿನವೇ ಹೋಗಿತ್ತು ಅಂತಾನಾ?"

"ಹೌದಮ್ಮ."

"ಹಾಗಾದ್ರೆ ನಾಲ್ಕನೇ ದಿನ ನೀವು ಕೇಳಿದ್ದು ಯಾರನ್ನ?"

"ಯಾರನ್ನೂ ಅಲ್ಲ."

"ಎರಡು ಸೆಟ್ಟಲ್ಲೂ ಬಂತು ಅಂದ್ರಿ."

"ಒಂದರಲ್ಲಿ ಬಂದ ಹಾಗೆ ಅನ್ನಿಸ್ತು. ಎರಡನೇದರಲ್ಲಿ ಬರಲಿಲ್ಲ. ಬಂತು ಅಂತ ಹೇಳ್ದೆ. ಪುಸ್ತಕದಲ್ಲೂ ಬರೆದೆ."

ಅವಳು ಎದ್ದು ಹೋಗುವಳೆಂದುಕೊಂಡೆ. ಹೋಗಲಿಲ್ಲ.

"ಮುಂದೆ ಓದಿ" ಎಂದಳು. ಭಾವ ಎನ್ನಲಿಲ್ಲ.

ಎರಡನೆಯ ದಿನ ನೀರು ಹಂಚಿಕೊಂಡ ವಿವರವಿತ್ತು. ಮೂರನೆಯ ದಿನ ಅಡುಗೆಯವನು ಹೋದ. ಅವನಿಗೆ ಈಜು ಬಾರದೆಂದು ಎಲ್ಲರೂ ತಮಾಷೆ ಮಾಡುತ್ತಿದ್ದೆವು, ಪಾಪ, ಅವನು ಹೋದದ್ದು ಚಳಿಯಿಂದ, ಎಂದು ಬರೆದಿದ್ದ. ನಾಲ್ಕನೆಯ ದಿನದ ಬರಹ ಉದ್ದವಾಗಿತ್ತು.

"ಮಧ್ಯಾಹ್ನ ವಿಮಾನದ ಸದ್ದು. ಕಾಣಲಿಲ್ಲ. ದಕ್ಷಿಣದ ಕಡೆಯಿಂದ ಸಾಲು ಹಿಡಿದು ನಮ್ಮ ಕಡೆಗೇ ಬರುತ್ತಿದ್ದಾರೆ. ನಾಳೆ ಬೆಳಿಗ್ಗೆ ನಮ್ಮ ಮೇಲೆ ಹಾಯಬೇಕು. ಹುಡುಗರಿಗೆ ಹೇಳಿದೆ, ಒಂದು ರಾತ್ರಿ ತಡೆಯಿರಿ. ಬೆಳಕು ಹಾಯಿಸುವ ಕನ್ನಡಿ ಒರೆಸಿ ಇಟ್ಟಿದ್ದೇನೆ."

ಪುಸ್ತಕ ಮೇಜಿನ ಮೇಲಿಟ್ಟೆ. ಅವಳು ಬೆರಳಿನಿಂದ ಪುಟ ತೋರಿಸಿದಳು. ಓದಿ ಎಂದು.

ಐದನೆಯ ದಿನ: "ಬೆಳಗಿನಿಂದ ಕನ್ನಡಿ ಹಿಡಿದು ಕುಳಿತೆವು. ವಿಮಾನವಿಲ್ಲ."

ಆರನೆಯ ದಿನ: "ಇಲ್ಲ. ಯಾಕೆ ತಿರುಗಿ ಹೋದರೋ. ಇಬ್ಬರು ಹೋದರು."

ಏಳನೆಯ ದಿನ ಎಂದು ಬರೆದು, ಮುಂದೆ, "ಗಾಳಿ ನಿಂತಿದೆ. ಬಾಯಾರಿಕೆ. ಅವಳಿಗೆ" ಎಂದಿತ್ತು. ಅಲ್ಲಿಂದ ಮುಂದೆ ಪುಟ ಬಿಳಿ.

"ಅವಳಿಗೆ ಅಂತ ಇದೆಯಾ?"

"ಇದೆ."

"ಆಮೇಲೆ?"

"ಆಮೇಲೆ ಏನೂ ಇಲ್ಲಮ್ಮ."

ಪುಸ್ತಕ ಮುಚ್ಚಿದೆ. ಅವಳು ಅದನ್ನು ತೆಗೆದುಕೊಂಡು ಸೆರಗಿನಲ್ಲಿ ಸುತ್ತಿದಳು. ಅಳಲಿಲ್ಲ. ಅತ್ತಿದ್ದರೆ ನಾನೂ ಅತ್ತು ಸ್ವಲ್ಪ ಹಗುರಾಗುತ್ತಿದ್ದೆನೇನೋ. ಆ ಅನುಕೂಲ ಅವಳು ನನಗೆ ಮಾಡಿಕೊಡಲಿಲ್ಲ.

"ನಾಳೆ ಆ ಆಫೀಸಿಗೆ ಹೋಗಿ ಹೇಳಿ" ಎಂದಳು. "ಎರಡು ಸೆಟ್ಟಲ್ಲಿ ಕೇಳಿದ್ದೂ ಸುಳ್ಳಾಗುತ್ತೆ ಅಂತ ಅವರು ಕಲಿತುಬಿಟ್ರೆ, ನಾಳೆ ನಿಜವಾಗ್ಲೂ ಯಾರಾದ್ರೂ ಕೂಗಿದಾಗ ನಂಬಲ್ಲ. ಇನ್ನೊಬ್ಬಳ ಗಂಡನೂ ಹೀಗೇ ಹೋಗಬಾರದು."

"ಹೋಗ್ತೀನಿ."

"ಇನ್ನೊಂದು ಮಾತು. ನೀವು ದಿನಾ ದೇವರ ಮುಂದೆ ಕೂತ್ಕೋತೀರಿ. ಬೇಡ ಅನ್ನಲ್ಲ. ಆದ್ರೆ ಅವರಿಗೋಸ್ಕರ ಕೇಳಿ. ನನ್ನ ತಪ್ಪು ಮನ್ನಿಸು ಅಂತ ಅವರ ಹೆಸರಿನ ಜೊತೆ ಸೇರಿಸಿ ಕೇಳ್ಬೇಡಿ."

ಮರುದಿನ ಎರಡೂ ಪುಸ್ತಕ ಹಿಡಿದುಕೊಂಡು ಕಡಲ ರಕ್ಷಣೆಯ ಕಚೇರಿಗೆ ಹೋದೆ. ಉದ್ದನೆಯ ಓಣಿ, ಬಿಳಿ ಬಣ್ಣ ಬಳಿದ ಗೋಡೆ, ಕೊನೆಯ ಕೋಣೆಯಲ್ಲಿ ಆ ಅಧಿಕಾರಿ. ನನಗಿಂತ ಇಪ್ಪತ್ತು ವರ್ಷ ಚಿಕ್ಕವರು. ಎದ್ದು ನಿಂತು ಕುರ್ಚಿ ಕೊಟ್ಟರು. ನಾನು ನಿಂತೇ ಹೇಳಿದೆ. ಮುದುಕನ ಪುಸ್ತಕದ ಆ ಸಾಲು ತೋರಿಸಿದೆ. ಉಳಿದ ಸಾಲುಗಳು ಕತ್ತಲೆಯಲ್ಲಿ ಗೀಚಿದ ಹಾಗೆ ಓರೆಕೋರೆ, ಇದೊಂದು ಮಾತ್ರ ದೀಪ ಹಚ್ಚಿಕೊಂಡು ನೆಟ್ಟಗೆ ಬರೆದದ್ದು ಯಾರಿಗಾದರೂ ಕಾಣುತ್ತಿತ್ತು.

ಅವರು ಆ ಸಾಲಿನ ಮೇಲೆ ಬೆರಳಾಡಿಸಿದರು.

"ನೀವು ಒಂದೇ ಸೆಟ್ಟು ಅಂದಿದ್ರೆ ಒಂದು ವಿಮಾನ ಕಳಿಸ್ತಿದ್ದೆ. ಇನ್ನೊಂದು ಅಲ್ಲೇ ಇರ್ತಿತ್ತು" ಎಂದರು.

"ಗೊತ್ತು."

"ಮನಸ್ಸಿಗೆ ಹಚ್ಕೋಬೇಡಿ ಅಂತ ಹೇಳೋಣ ಅಂದ್ರೆ ನಂಗೆ ಬಾಯಿ ಬರ್ತಿಲ್ಲ ಯಜಮಾನ್ರೇ. ನಾನೂ ಆ ಕಾಗದಕ್ಕೆ ಸಹಿ ಹಾಕಿದವನು."

"ಹೇಳ್ಬೇಡಿ" ಎಂದೆ. ಹೇಳಿಕೆ ಬರೆಸಿಕೊಂಡರು, ಸಹಿ ಹಾಕಿದೆ. ಎರಡೂ ಪುಸ್ತಕ ಅವರಲ್ಲೇ ಉಳಿದವು.

ಅವಳು ಈಗಲೂ ಇದೇ ಮನೆಯಲ್ಲಿದ್ದಾಳೆ. ಹೊತ್ತು ಹೊತ್ತಿಗೆ ನನ್ನ ಊಟ ಮುಚ್ಚಿಟ್ಟು ಮಹಡಿ ಹತ್ತುತ್ತಾಳೆ. ನನಗೆ ಜ್ವರ ಬಂದಾಗ ಗಂಜಿ ಮಾಡಿ ತಂದಿಟ್ಟಳು. ಔಷಧದ ಹೊತ್ತು ನೆನಪಿಸಿದಳು. ಭಾವ ಎಂಬ ಮಾತು ಮಾತ್ರ ಈ ಮನೆಯಲ್ಲಿ ಮತ್ತೆ ಹುಟ್ಟಲಿಲ್ಲ. ಅದು ನ್ಯಾಯವೇ. ಸೆಟ್ಟುಗಳಲ್ಲಿ ಯಾವುದು ಮೇಲು ಎಂದು ಈಗ ಯಾರಾದರೂ ಕೇಳಿದರೆ ನಾನು ಉತ್ತರ ಕೊಡುವುದಿಲ್ಲ. ಎರಡೂ ತಮಗೆ ತಿಳಿದಷ್ಟನ್ನು ಮಾಡಿದವು.

ಬೆಳಿಗ್ಗೆ ಸ್ನಾನ ಮಾಡಿ ದೇವರ ಮುಂದೆ ಕುಳಿತಾಗ ಅವಳು ಹೇಳಿದ ಹಾಗೆಯೇ ನಡೆದುಕೊಳ್ಳುತ್ತೇನೆ. ನನ್ನ ವಿಷಯ ಎತ್ತುವುದಿಲ್ಲ.

ಸ್ವಾಮಿ, ಆ ದೋಣಿಯಲ್ಲಿದ್ದ ಆರು ಜನರೂ ನಿನ್ನವರು. ಚಳಿಯಲ್ಲಿ ಹೋದ ಅಡುಗೆಯವನನ್ನು ಬೆಚ್ಚಗಿಡು. ಒಂದು ರಾತ್ರಿ ತಡೆದು ನೋಡಿದ ಹುಡುಗರಿಗೆ ನೀರು ಕೊಡು. ಹಡಗಿನ ಜೊತೆಗೇ ಹೋದವರನ್ನೂ ಮರೆಯಬೇಡ, ಅವರ ಲೆಕ್ಕ ಇಲ್ಲಿ ಯಾರ ಬಳಿಯೂ ಇಲ್ಲ. ನನ್ನ ತಮ್ಮ ಬಹಳ ಹೊತ್ತು ಕಾದವನು. ಇನ್ನು ಅವನನ್ನು ಕಾಯಿಸಬೇಡ. ಹೆಂಡತಿಗೆ ಹೇಳಹೊರಟದ್ದನ್ನು ನಿನ್ನ ಬಳಿಯಾದರೂ ಹೇಳಿ ಮುಗಿಸಲಿ. ಅವನ ಆತ್ಮಕ್ಕೆ ಶಾಂತಿ ಕೊಡು.